ಎಂಟನೇ ತುಂಡಿನ ಮಣ್ಣು

ಕಂಬದ ಯಾರ್ಡಿನಲ್ಲಿ ಮೂವತ್ತೊಂದು ವರ್ಷ ದುಡಿದವನಿಗೆ ಊರು ಕೊಟ್ಟ ಹೆಸರು ಡಾಂಬರಣ್ಣ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಯಾರ್ಡಿನ ಕೆಲಸ ಇಷ್ಟು: ಕರೆಂಟಿನ ತಂತಿ ಎಳೆಯಲು ಬೇಕಾದ ಮರದ ಕಂಬಗಳನ್ನು ತಳ್ಳುಗಾಡಿಯ ಮೇಲೆ ಪೇರಿಸಿ, ಉದ್ದನೆಯ ಕಬ್ಬಿಣದ ಕೊಳವೆಯೊಳಗೆ ನೂಕಿ, ಬಾಗಿಲು ಬಿಗಿದು, ಕಾದ ಡಾಂಬರೆಣ್ಣೆಯನ್ನು ಒತ್ತಡದಿಂದ ತುಂಬುವುದು. ಎಣ್ಣೆ ಕುಡಿದ ಕಂಬಕ್ಕೆ ಗೆದ್ದಲು ಹತ್ತುವುದಿಲ್ಲ. ನಲವತ್ತು ವರ್ಷ ನೆಲದಲ್ಲಿ ನಿಂತರೂ ಕೊಳೆಯುವುದಿಲ್ಲ. ಆ ಕೊಳವೆಯ ಬಾಗಿಲು, ಅದರ ಹದಿನಾರು ಬೋಲ್ಟು, ಪಂಪು, ದೊಡ್ಡ ಟ್ಯಾಂಕು ಎಲ್ಲವೂ ಡಾಂಬರಣ್ಣನ ಸುಪರ್ದಿಯಲ್ಲಿದ್ದವು. ಹೊರಗೆಳೆದ ಕಂಬಗಳು ಬರಿಯ ನೆಲದ ಮೇಲೆಯೇ ತೊಟ್ಟಿಕ್ಕುತ್ತ ಒಣಗುತ್ತಿದ್ದವು. ಎಣ್ಣೆ ಸೋಕಿದ ಚರ್ಮ ಬಿಸಿಲಿಗೆ ಬಂದರೆ ಮೆಣಸಿನಕಾಯಿ ಅರೆದು ಹಚ್ಚಿದಂತೆ ಉರಿಯುತ್ತಿತ್ತು. ವಾಸನೆಯಂತೂ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಹೆಂಡತಿ ಬಾಗಿಲಲ್ಲೇ ತಡೆದು, "ಹಿತ್ತಲ ಕಡೆಯಿಂದ ಬನ್ನಿ. ನಾನು ಮದುವೆ ಆದದ್ದು ನಿಮ್ಮನ್ನೋ, ರಸ್ತೆ ಹಾಕೋ ಗಾಡಿನೋ ಅಂತ ಒಂದೊಂದು ಸಲ ಅನುಮಾನ ಬರುತ್ತೆ" ಅನ್ನುತ್ತಿದ್ದಳು.

ಕೆಲಸಕ್ಕೆ ಸೇರಿದ ಹದಿನೇಳನೆಯ ವರ್ಷ ದೊಡ್ಡ ಟ್ಯಾಂಕಿನ ತಳದ ವಾಲ್ವು ಬಿರಿಯಿತು. ಎಣ್ಣೆ ಅಂಗಳದ ತುಂಬ ಹರಿಯತೊಡಗಿತು. ಮ್ಯಾನೇಜರು ಮೆಟ್ಟಿಲ ಮೇಲೆಯೇ ನಿಂತು, ಶೂ ಕೊಳೆಯಾಗದಂತೆ ನೋಡಿಕೊಂಡು ಹೇಳಿದರು: "ಉತ್ತರದ ಗೋಡೆ ಪಕ್ಕ ಹಳೇ ಗುಂಡಿ ಇದೆಯಲ್ಲ, ಅದಕ್ಕೆ ಹರಿಸು. ಮೇಲೆ ಮರದ ಹೊಟ್ಟು ಸುರಿದು ಮಣ್ಣು ಎಳೆದುಬಿಡು. ಮಣ್ಣು ಎಲ್ಲಾನೂ ತಿಂದು ಅರಗಿಸಿಕೊಳ್ಳುತ್ತೆ."

ಡಾಂಬರಣ್ಣ ಕಾಲುವೆ ತೋಡಿದ, ಹರಿಸಿದ, ಹೊಟ್ಟು ಸುರಿದ, ಮುಚ್ಚಿದ. ಜೊತೆಗಿದ್ದ ಇಬ್ಬರಲ್ಲಿ ಒಬ್ಬ ಆಮೇಲೆ ತೀರಿಕೊಂಡ, ಇನ್ನೊಬ್ಬ ಎಲ್ಲಿಗೆ ಹೋದನೋ ಪತ್ತೆಯಿಲ್ಲ. ಅಲ್ಲಿಗೆ ಮುಗಿದಿದ್ದರೆ ಒಂದು ಮಾತು. ಒಮ್ಮೆ ದಾರಿ ಸಿಕ್ಕಿದ ಮೇಲೆ, ಟ್ಯಾಂಕು ತೊಳೆದಾಗಲೆಲ್ಲ ತಳದ ಗಸಿ ಆ ಗುಂಡಿಗೇ ಹೋಯಿತು. ಮ್ಯಾನೇಜರು ವರ್ಗವಾಗಿ ಹೋದರು. ಹೊಸಬರು ಕೇಳಲಿಲ್ಲ, ಇವನೂ ಹೇಳಲಿಲ್ಲ. ಹೀಗೆ ವರ್ಷಗಟ್ಟಲೆ.

ಸಿಮೆಂಟಿನ ಕಂಬಗಳು ಬಂದವು. ಯಾರ್ಡಿಗೆ ಬೀಗ ಬಿತ್ತು. ಗೋಡೆಯ ಆಚೆಗಿದ್ದ ಖಾಲಿ ಜಾಗವನ್ನು ತುಂಡು ತುಂಡು ಮಾಡಿ ಮನೆಗಳಿಗೆ ಕೊಟ್ಟರು. ಬಸ್ಸು ಓಡಿಸುತ್ತಿದ್ದ ಅಳಿಯ ಅಲ್ಲೊಂದು ತುಂಡು ಹಿಡಿದು, ಖುಷಿಯಿಂದ ಮಾವನ ಹತ್ತಿರ ಓಡಿಬಂದ. ಜಾಗ ಉತ್ತರದ ಗೋಡೆಗೆ ಒತ್ತಿಕೊಂಡಿತ್ತು. ಡಾಂಬರಣ್ಣನಿಗೆ ಗುಂಡಿ ನೆನಪಾಯಿತು. ಬೇಡ ಅನ್ನಬೇಕು. ಯಾಕೆ ಬೇಡ ಅಂದರೆ ಏನು ಹೇಳಬೇಕು? ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡ. ಅಷ್ಟೇ ಅಲ್ಲ, ಮಗಳ ಮನೆಯ ಗಾರೆ ಕೆಲಸವನ್ನು ನಾಲ್ಕು ತಿಂಗಳು ತಾನೇ ನಿಂತು ಮಾಡಿಸಿದ.

ಅಂದಿನಿಂದ ಅವನಿಗೆ ಕೂತಲ್ಲಿ ಕೂರಲಾಗದ ಕಾಯಿಲೆ ಹತ್ತಿಕೊಂಡಿತು. ಬೆಳಗ್ಗೆ ಕಾಫಿ ಅರ್ಧ ಕುಡಿದು ಲೋಟ ಇಡುತ್ತಿದ್ದ. ಯಾರ್ಡಿನ ಗೋಡೆಯ ಸುತ್ತ ಒಂದು ಸುತ್ತು, ಮನೆಗೆ ಬಂದು ಪೇಪರಿನ ಎರಡು ಸಾಲು, ಮತ್ತೆ ಮಗಳ ಮನೆ, ಮತ್ತೆ ಗೋಡೆ. ಮಳೆ ಬಂದರಂತೂ ಛತ್ರಿ ಹಿಡಿದು ಹೊರಟೇಬಿಡುತ್ತಿದ್ದ. "ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀರಾ? ರಿಟೈರ್ ಆದವರು ಮನೇಲಿರ್ತಾರೆ ಅಂತ ಕೇಳಿದ್ದೆ" ಅಂತ ಹೆಂಡತಿ ಗೊಣಗಿದರೆ, "ಸಕ್ಕರೆ ಕಾಯಿಲೆಗೆ ನಡೀಬೇಕಂತೆ" ಅನ್ನುತ್ತಿದ್ದ. ಅವನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ.

ಮಗಳು ಹಿತ್ತಲಲ್ಲಿ ಗೋಡೆಯ ಬುಡಕ್ಕೆ ಸೊಪ್ಪು ಹಾಕಿದ್ದಳು. ಚೆನ್ನಾಗಿಯೇ ಬಂದಿತ್ತು. ಒಂದು ಮಧ್ಯಾಹ್ನ ಅವಳು ಬಟ್ಟೆ ಒಣಹಾಕಲು ಹೊರಗೆ ಬಂದರೆ, ಅಪ್ಪ ಮೊಣಕಾಲೂರಿ ಕೂತು ಬೇರುಸಹಿತ ಎಲ್ಲವನ್ನೂ ಕಿತ್ತು ಗುಡ್ಡೆ ಹಾಕಿದ್ದಾನೆ.

"ಅಪ್ಪ, ಏನು ಮಾಡ್ತಿದ್ದೀಯ?"

"ಹುಳ ಬಿದ್ದಿತ್ತು."

"ಎಲ್ಲಿ ಹುಳ? ಬೆಳಗ್ಗೆ ತಾನೇ ನೋಡಿದ್ದೀನಿ. ಒಂದು ಎಲೆ ತೂತಾಗಿರಲಿಲ್ಲ."

"ಬೇರಲ್ಲಿತ್ತು" ಅಂದ. ಕಿತ್ತದ್ದನ್ನೆಲ್ಲ ಚೀಲಕ್ಕೆ ತುಂಬಿ ಹೊರಟೇಹೋದ. ಇನ್ನೊಮ್ಮೆ ಮೊಮ್ಮಗಳು ಅದೇ ಜಾಗದ ಮಣ್ಣಿನಲ್ಲಿ ಅಡುಗೆಯಾಟ ಆಡುತ್ತಿದ್ದಾಗ, ಅವಳನ್ನು ಎತ್ತಿಕೊಂಡು ಹೋಗಿ ನಲ್ಲಿಯ ಕೆಳಗೆ ಹಿಡಿದು, ಮಗು ಅಳುವಷ್ಟು ಹೊತ್ತು ಕೈ ತೊಳೆದ. ಅಪ್ಪನಿಗೆ ವಯಸ್ಸಾಗುತ್ತಿದೆ, ತಲೆಯೊಳಗೆ ಏನೋ ಸಡಿಲವಾಗುತ್ತಿದೆ ಎಂದು ಮಗಳು ಅಮ್ಮನ ಹತ್ತಿರ ಹೇಳಿಕೊಂಡು ಅತ್ತಳು.

ಅದರ ಮರುವರ್ಷ, ಪಾಳುಬಿದ್ದ ಯಾರ್ಡನ್ನು ಆಟದ ಮೈದಾನ ಮಾಡಬೇಕೆಂಬ ಮಾತು ಬಂತು. ಅದಕ್ಕೆ ಮೊದಲು ಮಣ್ಣು ಶುದ್ಧವಾಗಬೇಕಿತ್ತು. ವಿಶ್ವವಿದ್ಯಾಲಯದಿಂದ ಮಣ್ಣಿನ ಲ್ಯಾಬಿನ ಮೇಡಂ ಬಂದರು. ಐವತ್ತರ ಆಸುಪಾಸಿನ, ಸಣ್ಣ ಆಳಿನ, ಗಂಬೂಟು ಹಾಕಿಕೊಂಡ ಹೆಂಗಸು. ಯಾರ್ಡು ಬಲ್ಲವರು ಯಾರಾದರೂ ಬೇಕು ಅಂದಾಗ ಊರಿಡೀ ಒಂದೇ ಹೆಸರು ಹೇಳಿತು. ಡಾಂಬರಣ್ಣ ಕರೆದ ಕೂಡಲೇ ಹೋದ. ಯಾರೋ ಬಂದು ಅಗೆಯುತ್ತಾರೆಂದರೆ ತಾನು ಪಕ್ಕದಲ್ಲಿರಬೇಕು ಅನ್ನುವುದಷ್ಟೇ ಅವನಿಗೆ ಗೊತ್ತಿತ್ತು. ಇದ್ದು ಏನು ಮಾಡುವುದು, ತೋರಿಸುವುದೋ ಮರೆಸುವುದೋ, ಅದು ತಿಳಿದಿರಲಿಲ್ಲ.

ಮೇಡಂ ಮೊದಲ ವಾರವೇ ಅವನನ್ನು ಲ್ಯಾಬಿಗೆ ಕರೆದುಕೊಂಡು ಹೋದರು. ಯಾರ್ಡಿನ ನಡುವಿನ ಮಣ್ಣನ್ನು ಒಂದು ಚಮಚ ನೀರಿಗೆ ಕಲಸಿ, ಅದರ ಒಂದು ಹನಿಯನ್ನು ಗಾಜಿನ ತಟ್ಟೆಯಲ್ಲಿ ಹರಡಿ, ಬಟ್ಟೆ ಪೆಟ್ಟಿಗೆಯಲ್ಲಿ ಇಡುವ ನುಸಿಗುಳಿಗೆಯ ಪುಡಿಯನ್ನು ಮುಚ್ಚಳಕ್ಕೆ ಹಾಕಿ ಮುಚ್ಚಿಟ್ಟಿದ್ದರು. ತಟ್ಟೆಯಲ್ಲಿ ತಿನ್ನಲು ಬೇರೇನೂ ಇರಲಿಲ್ಲ. ಆರನೆಯ ದಿನ ಮುಚ್ಚಳ ತೆಗೆದು ತೋರಿಸಿದರೆ, ಸಾಸಿವೆಯಷ್ಟು ದೊಡ್ಡ ಚುಕ್ಕೆಗಳು. ಕೆಲವು ಕಡುನೀಲಿ.

"ಇವು ಬ್ಯಾಕ್ಟೀರಿಯಾ" ಅಂದರು. "ಒಂದೊಂದು ಚುಕ್ಕೇಲೂ ಕೋಟಿಗಟ್ಟಲೆ ಇವೆ. ನುಸಿಗುಳಿಗೆ ನಿಮ್ಮ ಡಾಂಬರೆಣ್ಣೇಲೂ ಇರುತ್ತೆ. ಅದನ್ನ ಒಡೆದು ತಿನ್ನೋದಕ್ಕೆ ಗೊತ್ತಿರೋವು ಮಾತ್ರ ಇಲ್ಲಿ ಬದುಕಿವೆ. ಒಂದು ಪುಡಿ ಬೆರೆಸಿದ್ದೀನಿ. ತಿನ್ನೋ ಗುಣ ಇದ್ದರೆ ಅದನ್ನ ನೀಲಿ ಮಾಡ್ತಾವೆ. ಬೇರೆ ಊರಿನ ಹೊಲದ ಮಣ್ಣಲ್ಲಿ ಇಂಥವು ಹುಡುಕಿದರೂ ಸಿಗೋದು ಕಷ್ಟ. ಇಲ್ಲಿ ನೀವು ಮೂವತ್ತು ವರ್ಷ ಎಣ್ಣೆ ಚೆಲ್ಲಿದ್ದೀರಿ. ಬದುಕಬೇಕಾದರೆ ಅದನ್ನೇ ತಿನ್ನಬೇಕು ಅಂತ ಇವು ಕಲಿತುಬಿಟ್ಟಿವೆ."

ಆಮೇಲೆ ಒಂದು ಕಾಗದದ ಮೇಲೆ ಆರು ಮೂಲೆಯ ಉಂಗುರ ಬರೆದರು. ಒಂದಕ್ಕೊಂದು ಅಂಟಿಕೊಂಡ ಎರಡು ಉಂಗುರ, ಮೂರು, ನಾಲ್ಕು, ಐದು. ಉಂಗುರ ಹೆಚ್ಚಾದಷ್ಟೂ ಒಡೆಯುವುದು ಕಷ್ಟ, ವಿಷವೂ ಗಟ್ಟಿ. ಈ ಜಾತಿಯ ರಾಸಾಯನಿಕಗಳಿಗೆಲ್ಲ ಸುವಾಸನೆಯವು ಅಂತ ಹೆಸರು ಎಂದರು.

"ಸುವಾಸನೆ ಅಂತ ಹೆಸರಿಟ್ಟವರು ನಮ್ಮ ಯಾರ್ಡಿಗೆ ಬಂದಿರಲಿಲ್ಲ ಅನ್ಸುತ್ತೆ" ಅಂದ ಡಾಂಬರಣ್ಣ. ಮೇಡಂ ಬಿದ್ದು ಬಿದ್ದು ನಕ್ಕರು. ಅವನು ನಗಲಿಲ್ಲ. ಮಣ್ಣು ತಿಂದು ಅರಗಿಸಿಕೊಳ್ಳುತ್ತದೆ ಎಂದ ಮ್ಯಾನೇಜರ ಮಾತು ಸುಳ್ಳಲ್ಲವೇನೋ ಎಂಬ ಆಸೆ ಅವನೊಳಗೆ ಎದ್ದಿತ್ತು. ಹಾಗಿದ್ದರೆ ಗುಂಡಿಯಲ್ಲೂ ಈಗ ಏನೂ ಉಳಿದಿರಲಿಕ್ಕಿಲ್ಲ. ಹಾಗಿದ್ದರೆ ಹೇಳುವುದೇ ಬೇಕಿಲ್ಲ. ಆ ವಾರ ಹೆಂಡತಿಗೆ ಆಶ್ಚರ್ಯವಾಗುವಂತೆ ಎರಡು ದಿನ ಕಾಫಿ ಪೂರ್ತಿ ಕುಡಿದ.

ಯಾರ್ಡನ್ನು ಎಂಟು ತುಂಡು ಮಾಡಿ ಹಗ್ಗ ಎಳೆದರು. ಪ್ರತಿ ತುಂಡಿನ ಮೇಲ್ಮಣ್ಣಿಗೆ ಗೊಬ್ಬರ, ಕತ್ತರಿಸಿದ ಹುಲ್ಲು, ನೀರು. ನಾಲ್ಕು ದಿನಕ್ಕೊಮ್ಮೆ ಟಿಲ್ಲರಿನಿಂದ ತಿರುವಬೇಕು. ಬ್ಯಾಕ್ಟೀರಿಯಾಗಳೂ ಉಸಿರಾಡಬೇಕು, ಗಾಳಿ ಇಲ್ಲದಿದ್ದರೆ ಈ ಕೆಲಸ ಅವುಗಳ ಕೈಲಾಗದು ಎಂದು ಮೇಡಂ ಹೇಳಿದ್ದರು. ಟಿಲ್ಲರು ಓಡಿಸಲು ಒಬ್ಬ ಬಂದ. ಇಂಜಿನ್ ಸದ್ದನ್ನೂ ಮೀರಿಸಿ ದಿನವಿಡೀ ಮಾತಾಡುವವನು. ಎಲ್ಲರೂ ಅವನನ್ನು ರೇಡಿಯೋ ಅನ್ನುತ್ತಿದ್ದರು. ಅಂಚಿನ ಮಣ್ಣು ಗುದ್ದಲಿಯಿಂದ ತಿರುವುವುದು, ನೀರು ಬಿಡುವುದು, ತಿಂಗಳಿಗೊಮ್ಮೆ ಗುರುತು ಹಾಕಿದ ಜಾಗಗಳಿಂದ ಡಬ್ಬಿಗೆ ಮಣ್ಣು ತುಂಬಿ ಕೊಡುವುದು ಡಾಂಬರಣ್ಣನ ಪಾಲು. ನಾಲ್ಕು ದಿನ ಕಾಯುವ ತಾಳ್ಮೆ ಅವನಿಗಿರಲಿಲ್ಲ. ಎರಡನೆಯ ದಿನಕ್ಕೇ ಗುದ್ದಲಿ ಹಿಡಿಯುತ್ತಿದ್ದ. "ಒಣಗಿಸಿಬಿಡ್ತೀರಿ, ಅವುಗಳನ್ನ ಸ್ವಲ್ಪ ಊಟ ಮಾಡೋಕೆ ಬಿಡಿ" ಎಂದು ಮೇಡಂ ಗದರಿದ ಮೇಲೆ, ಗುದ್ದಲಿ ಬಿಟ್ಟು ಸುಮ್ಮನೆ ತುಂಡುಗಳ ನಡುವೆ ಓಡಾಡತೊಡಗಿದ.

ಮೂರನೆಯ ತಿಂಗಳಿಗೆ ಏಳು ತುಂಡುಗಳ ಮಣ್ಣಿನಲ್ಲಿ ಎಣ್ಣೆಯ ಅಂಕಿ ಇಳಿಯತೊಡಗಿತು. ಕೆಲವದ್ದು ಅರ್ಧಕ್ಕೂ ಕೆಳಗೆ. ಎಂಟನೆಯದು ಮಾತ್ರ ಇಳಿಯಲಿಲ್ಲ. ಒಂದು ತಿಂಗಳು ಕೊಂಚ ಇಳಿದಂತೆ ಮಾಡಿ, ದೊಡ್ಡ ಮಳೆ ಬಂದ ಮೇಲೆ ಮೊದಲಿಗಿಂತ ಮೇಲಕ್ಕೆ ಹೋಯಿತು. ಅದು ಉತ್ತರದ ಗೋಡೆಯ ತುಂಡು.

ಮೇಡಂ ತಲೆ ಕೆರೆದುಕೊಂಡರು. ಡಬ್ಬಿ ಅದಲುಬದಲಾಯಿತೇ ಎಂದು ನೋಡಿದರು. ಗೊಬ್ಬರ ಹೆಚ್ಚಿಸಿದರು. ಲ್ಯಾಬಿನಲ್ಲಿ ನೀಲಿ ಚುಕ್ಕೆಗಳನ್ನು ಸೀಸೆಗಟ್ಟಲೆ ಬೆಳೆಸಿ ತಂದು ಸುರಿದರು. ಇನ್ನೆರಡು ತಿಂಗಳು ಹೋಯಿತು, ಏನೂ ಆಗಲಿಲ್ಲ. ಕೊನೆಗೆ ರೇಡಿಯೋನನ್ನು ಕರೆದು, "ಎಂಟನೇದನ್ನ ಸರಿಯಾಗಿ ತಿರುವ್ತಾ ಇದ್ದೀಯಾ?" ಎಂದು ಕೇಳಿದರು.

"ಗೋಡೆವರೆಗೂ ಹೋಗ್ತೀನಿ ಮೇಡಂ. ಎಲ್ಲ ಒಂದೇ ಥರ ಮಾಡ್ತೀನಿ."

"ಒಂದೇ ಥರ ಮಾಡಿದರೆ ಒಂದೇ ಥರ ಬರಬೇಕಲ್ಲ. ನಾನು ಇಲ್ಲದಾಗ ಬಿಟ್ಟುಬಿಡ್ತೀಯ ಅನ್ಸುತ್ತೆ. ಮುಂದಿನ ವಾರದಿಂದ ಬೇರೆಯವರನ್ನ ನೋಡ್ತೀನಿ."

ರೇಡಿಯೋನ ಬಾಯಿ ಅಂದು ಮೊದಲ ಸಲ ನಿಂತಿತು. ಅವನು ಡಾಂಬರಣ್ಣನ ಕಡೆ ತಿರುಗಿ, "ನೀವಾದರೂ ಹೇಳಿ ಅಣ್ಣ. ನೀವು ದಿನಾ ನೋಡ್ತೀರಲ್ಲ" ಅಂದ.

ಡಾಂಬರಣ್ಣ ನೀರಿನ ಪೈಪು ಹಿಡಿದು ನಿಂತಿದ್ದ. "ತಿರುವ್ತಾನೆ ಮೇಡಂ" ಎಂದಷ್ಟೇ ಹೇಳಿ ಪೈಪು ಎಳೆದುಕೊಂಡು ದೂರ ಹೋದ. ನೀರು ಬೇಕಿಲ್ಲದ ಎರಡನೆಯ ತುಂಡಿಗೆ ನೀರು ಬಿಟ್ಟ. ಮನೆಗೆ ಬಂದು ಊಟಕ್ಕೆ ಕೂತು ಎದ್ದ. ಮಗಳ ಮನೆಯ ಬೀದಿಯ ತಿರುವಿನವರೆಗೆ ಹೋಗಿ ವಾಪಸು ಬಂದ. ಮತ್ತೆ ಹೋದ. ಮೂರು ದಿನ ಹೀಗೇ. ನಾಲ್ಕನೆಯ ಬೆಳಗ್ಗೆ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ಏನಾಗಿದೆ ಹೇಳಿ. ಹೇಳದೆ ಹೊಸ್ತಿಲು ದಾಟೋ ಹಾಗಿಲ್ಲ."

ಅವಳಿಗೆ ಹೇಳಿದ, ನಿಂತುಕೊಂಡೇ. ಅವಳು ಪೂರ್ತಿ ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡಳು. "ಸೊಪ್ಪು ಕಿತ್ತಿದ್ದು ಅದಕ್ಕಾ?" ಅಂದಳು. ಅವನು ತಲೆಯಾಡಿಸಿದ. "ಮೊದಲು ಮೇಡಂ ಹತ್ತಿರ ಹೋಗಿ. ಮಗಳಿಗೆ ಆಮೇಲೆ ಹೇಳಿದರಾಯಿತು. ಅವಳಿಗೆ ನಾನು ಹೇಳಲ್ಲ, ಅದು ನಿಮ್ಮ ಬಾಯಿಂದಲೇ ಬರಬೇಕು" ಎಂದು ದಾರಿ ಬಿಟ್ಟಳು.

ಮೇಡಂ ಶೆಡ್ಡಿನಲ್ಲಿ ಡಬ್ಬಿಗಳ ಮೇಲೆ ಚೀಟಿ ಅಂಟಿಸುತ್ತಿದ್ದರು.

"ಎಂಟನೇ ತುಂಡಿನ ತಪ್ಪು ಆ ಹುಡುಗನದಲ್ಲ, ನನ್ನದು" ಅಂದ ಡಾಂಬರಣ್ಣ. "ಅಡಿಯಲ್ಲಿ ಗುಂಡಿ ಇದೆ. ನಾನೇ ತುಂಬಿದ್ದು."

ಮೇಡಂ ಚೀಟಿ ಕೆಳಗಿಟ್ಟರು. "ಐದು ತಿಂಗಳಿಂದ ನನ್ನ ಪಕ್ಕದಲ್ಲೇ ನಿಂತು ಡಬ್ಬಿಗೆ ಮಣ್ಣು ತುಂಬಿ ಕೊಟ್ಟಿದ್ದೀರಿ."

"ಹೌದು."

"ನಾನು ರಾತ್ರಿಯೆಲ್ಲ ಲೆಕ್ಕ ತಪ್ಪಿತಾ ಅಂತ ಕೂತಿದ್ದೀನಿ. ಅವನನ್ನ ಕಳ್ಳ ಅನ್ನೋ ಥರ ನೋಡಿದ್ದೀನಿ."

"ಹೌದು ಮೇಡಂ."

ಮೇಡಂ, "ಎಷ್ಟು ಆಳ?" ಎಂದು ಕೇಳಿ, ಪೆನ್ನು ತೆಗೆದುಕೊಂಡರು.

ಎರಡು ದಿನದಲ್ಲಿ ಜೆಸಿಬಿ ಬಂತು. ಮೂರಡಿ ಕೆಳಗೆ ವಾಸನೆ ಎದ್ದಿತು. ಐದಡಿಗೆ ಮರದ ಹೊಟ್ಟು ಸಿಕ್ಕಿತು. ಅಷ್ಟು ವರ್ಷವಾದರೂ ಒಂದಿಷ್ಟೂ ಕೊಳೆತಿರಲಿಲ್ಲ. ನಿನ್ನೆ ಗರಗಸದಿಂದ ಉದುರಿದ ಹಾಗೆ ಗರಿಗರಿ, ಎಣ್ಣೆಯಲ್ಲಿ ನೆಂದು ಕಪ್ಪಾಗಿತ್ತು ಅಷ್ಟೆ. ಅದರ ಕೆಳಗೆ ಎಣ್ಣೆ ಜೇನಿನಂತೆ ಮಂದವಾಗಿ ನಿಂತಿತ್ತು. ಮೇಡಂ ಕೆಳಗಿಳಿದು, ಡಬ್ಬಿಗೆ ತುಂಬಿ, ಮೇಲೆ ಬಂದು ಹೇಳಿದರು: "ಇಲ್ಲಿ ಯಾವುದೂ ಬದುಕಿರಲ್ಲ. ಇಷ್ಟು ಮಂದ ಇದ್ದರೆ ತಿನ್ನೋವೂ ಸಾಯ್ತಾವೆ. ಗಾಳಿನೂ ಇಲ್ಲ. ಮಳೆಗೆ ಅಡಿಯ ನೀರು ಏರಿದಾಗೆಲ್ಲ ಇದೇ ಮೇಲಕ್ಕೆ ಬಂದಿದೆ." ಡಾಂಬರಣ್ಣನ ಕೊನೆಯ ಆಸೆ ಅಲ್ಲಿಗೆ ಮುಗಿಯಿತು. ಮಣ್ಣು ತಾನಾಗಿ ಏನನ್ನೂ ಅರಗಿಸಿಕೊಂಡಿರಲಿಲ್ಲ.

ರೇಡಿಯೋ ಗುಂಡಿಯ ಅಂಚಿನಲ್ಲಿ ನಿಂತು ನೋಡುತ್ತಿದ್ದ. ಡಾಂಬರಣ್ಣ ಅವನ ಹತ್ತಿರ ಹೋಗಿ, "ನನ್ನಿಂದ ನಿನಗೆ ಕೆಟ್ಟ ಹೆಸರು ಬಂತು" ಅಂದ. ರೇಡಿಯೋ, "ಇರಲಿ ಬಿಡಿ ಅಣ್ಣ" ಅಂದುಬಿಟ್ಟ. ಹಾಗೆ ಅಂದವನು ಎರಡು ವಾರ ಅವನ ಜೊತೆ ಊಟಕ್ಕೆ ಕೂರಲಿಲ್ಲ.

ಅದೇ ಸಂಜೆ ಮಗಳ ಮನೆಗೆ ಹೋದ. ಜೆಸಿಬಿಯ ಸದ್ದು, ವಾಸನೆ ಎರಡೂ ಗೋಡೆ ದಾಟಿ ಅವಳಿಗೆ ಆಗಲೇ ಮುಟ್ಟಿದ್ದವು. ಅವಳು ಬಾಗಿಲಲ್ಲೇ ಕೇಳಿದಳು. ಅವನು ಹೇಳಿದ. ಅಳಿಯ ಹಣೆ ಒತ್ತಿಕೊಂಡು ಒಳಗೆ ಹೋದ.

"ಪಾಯ ಅಗೆಯೋವಾಗ ನೀನಿದ್ದೆ. ಗೋಡೆ ಏಳೋವಾಗ ನೀನಿದ್ದೆ" ಅಂದಳು ಮಗಳು. "ಒಂದು ಮಾತು ಅಪ್ಪ. ಒಂದೇ ಒಂದು ಮಾತು ಹೇಳೋಕೆ ಆಗಲಿಲ್ವಾ? ನಿನಗೆ ಹುಚ್ಚು ಹಿಡೀತು ಅಂತ ನಾನು ಅತ್ತಿದ್ದೀನಿ."

ಅವಳು ಬಾಗಿಲು ಹಾಕಿಕೊಂಡಳು. ಎರಡು ತಿಂಗಳು ಅಪ್ಪನ ಜೊತೆ ಮಾತಿಲ್ಲ.

ಗುಂಡಿಯ ಎಣ್ಣೆಯನ್ನು ಪೀಪಾಯಿಗಳಿಗೆ ತುಂಬಿ, ಬೇರೆಡೆ ಸುಡಲು ಕಳಿಸಿದರು. ಎಣ್ಣೆ ಕುಡಿದ ಮಣ್ಣನ್ನು ಮೇಲೆತ್ತಿ, ಏಳನೆಯ ತುಂಡಿನ ಪಳಗಿದ ಮಣ್ಣಿನ ಜೊತೆ ಬೆರೆಸಿ, ದಪ್ಪ ಪ್ಲಾಸ್ಟಿಕ್ಕಿನ ಮೇಲೆ ಉದ್ದುದ್ದ ರಾಶಿ ಮಾಡಿದರು. ಆ ಏಳನೆಯ ತುಂಡಿನ ಮಣ್ಣಿನಲ್ಲಿ ಹಸಿದ ಬ್ಯಾಕ್ಟೀರಿಯಾ ತುಂಬಿದ್ದವು. ಮೇಡಂ ರಾಶಿಗಳ ನಡುವೆ ತೂತು ಕೊರೆದ ಪೈಪು ಹೂತು ಗಾಳಿ ಬಿಟ್ಟರು. ಡಾಂಬರಣ್ಣ ಬೆಳಗ್ಗೆ ಏಳಕ್ಕೆ ಬರುತ್ತಿದ್ದ. ರಾಶಿಯೊಳಗೆ ಕೈ ತೂರಿಸಿದರೆ ಬೆಚ್ಚಗಿರುತ್ತಿತ್ತು. ಒಳಗೆ ಕೆಲಸ ನಡೆಯುತ್ತಿದೆ ಎಂದು ಅದರಿಂದ ತಿಳಿಯುತ್ತಿತ್ತು. ತಣ್ಣಗಾದರೆ ಅವನಿಗೆ ಮುಳ್ಳಿನ ಮೇಲೆ ನಿಂತ ಹಾಗೆ. ಒಂದೊಂದು ದಿನ ಆರು ಸಲ ಕೈ ಹಾಕಿ ನೋಡುತ್ತಿದ್ದ.

ಒಂದು ಬೆಳಗ್ಗೆ ಮಗಳು ಯಾರ್ಡಿನ ಗೇಟಿಗೆ ಬಂದಳು. ಕೈಯಲ್ಲೊಂದು ಬಕೆಟ್ಟು, ಅದರ ತುಂಬ ಹಿತ್ತಲ ಮಣ್ಣು.

"ಇದನ್ನೂ ನೋಡಿಸು" ಅಂದು ಇಟ್ಟು ಹೋದಳು.

ಬಕೆಟ್ಟಿನ ಮಣ್ಣಿನಲ್ಲಿ ಎಣ್ಣೆಯ ಅಂಶ ಕಂಡಿತು. ಮೇಡಂ ತಾವೇ ಅವಳ ಮನೆಗೆ ಹೋಗಿ ಹಿತ್ತಲ ಹನ್ನೆರಡು ಕಡೆಯಿಂದ ಮಣ್ಣು ತೆಗೆದು ಪರೀಕ್ಷಿಸಿದರು. ಗೋಡೆಗೆ ತಾಗಿದ ಎರಡು ಗಜದ ಪಟ್ಟಿಯಲ್ಲಿ ಮಾತ್ರ ಇತ್ತು. ಉಳಿದದ್ದು ಸ್ವಚ್ಛ. ಮೊಮ್ಮಗಳನ್ನೂ ಡಾಕ್ಟರಿಗೆ ತೋರಿಸಿದರು, ಏನೂ ಕಾಣಲಿಲ್ಲ. ವರ್ಷಕ್ಕೊಮ್ಮೆ ತೋರಿಸುತ್ತಿರಿ ಅಂದರು. ಆ ಮಾತು ಮಾತ್ರ ಮಗಳ ಮನಸ್ಸಿನಿಂದ ಇಂದಿಗೂ ಇಳಿದಿಲ್ಲ.

"ಗೋಡೆ ಪಕ್ಕದ್ದು ನೀನೇ ತೆಗೀಬೇಕು" ಅಂದಳು ಅಪ್ಪನಿಗೆ. "ಬೇರೆಯವರ ಕೈಲಿ ಮಾಡಿಸಬೇಡ."

ಹದಿನೈದು ದಿನ ಅಗೆದ. ಅರವತ್ತಾರರ ಬೆನ್ನು. ಮೂರನೆಯ ದಿನ ಮಗಳು ಬಂದು ಇನ್ನೊಂದು ಬುಟ್ಟಿ ಹಿಡಿದಳು. ಅವನು ತುಂಬುವುದು, ಅವಳು ಹೊರುವುದು. ಆರನೆಯ ದಿನ ಅವಳು, "ನೀರು ಕುಡಿ, ಬಿಸಿಲಿದೆ" ಅಂದಳು. ಮಾತು ಹಾಗೆ ಮತ್ತೆ ಹತ್ತಿತು, ಮೊದಲಿನ ಸಲಿಗೆ ಮಾತ್ರ ಬರಲಿಲ್ಲ. ಅಪ್ಪ ಏನು ಹೇಳಿದರೂ ಅವಳು ಒಂದು ಕ್ಷಣ ತಡೆದು ಮುಖ ನೋಡಿ ಆಮೇಲೆ ನಂಬುತ್ತಿದ್ದಳು.

ರಾಶಿಗಳಿಗೆ ಎರಡು ವರ್ಷ ಹಿಡಿಯಿತು. ಎರಡು ಉಂಗುರದವು, ಮೂರು ಉಂಗುರದವು ಹೆಚ್ಚುಕಡಿಮೆ ಇಲ್ಲವಾದವು. ನಾಲ್ಕರದು ಅರ್ಧ ಇಳಿಯಿತು. ಐದರವು ಜಗ್ಗಲಿಲ್ಲ. ಏಳು ತುಂಡುಗಳು ಮೈದಾನವಾದವು. ಎಂಟನೆಯದರ ಸುತ್ತ ಬೇಲಿ ಉಳಿಯಿತು. ರಾಶಿಗಳು ಇನ್ನೂ ಅಲ್ಲೇ ಇವೆ. "ಇದು ನನ್ನ ಸರ್ವೀಸ್ ಮುಗಿಯೋದರೊಳಗೆ ಆಗೋ ಕೆಲಸ ಅಲ್ಲ" ಎಂದು ಮೇಡಂ ಒಪ್ಪಿಕೊಂಡರು.

ಕಳೆದ ವರ್ಷ ಅವರಿಗೆ ಇನ್ನೊಂದು ಊರಿನ ಕಂಬದ ಯಾರ್ಡು ಸಿಕ್ಕಿತು. ಅಲ್ಲಿಯೂ ಕೆಲವು ತುಂಡು ಇಳಿದು ಕೆಲವು ಇಳಿಯುತ್ತಿರಲಿಲ್ಲ. ಅಲ್ಲಿ ಟ್ಯಾಂಕು ನೋಡಿಕೊಳ್ಳುತ್ತಿದ್ದ ಮುದುಕ ಇದ್ದ, ಆದರೆ ಬಾಯಿಗೆ ಬೀಗ. ಮೇಡಂ ಮೂರು ಸಲ ಹೋಗಿ ಬರಿಗೈಯಲ್ಲಿ ಬಂದು, ಡಾಂಬರಣ್ಣನಿಗೆ ಫೋನು ಮಾಡಿದರು. ಅವನು ಬಸ್ಸು ಹತ್ತಿದ. ಐದು ತಾಸಿನ ದಾರಿಯಲ್ಲಿ ನಾಲ್ಕು ಸಲ ಸೀಟು ಬದಲಿಸಿದ.

ಆ ಮುದುಕನ ಮನೆ ಎರಡನೆಯ ಮಹಡಿಯಲ್ಲಿತ್ತು. ಕಿಟಕಿಯಿಂದ ಯಾರ್ಡು ಕಾಣುತ್ತಿತ್ತು. ಮೇಡಂ ಕೆಳಗೇ ನಿಂತರು. ಮುದುಕ ಬಂದವನ ಮೊಣಕೈಯ ಮೇಲಿನ ಹಳೇ ಸುಟ್ಟ ಕಲೆಗಳನ್ನು ನೋಡಿ, ಅದೇ ಕಲೆಗಳಿದ್ದ ತನ್ನ ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡ.

"ನಿಮ್ಮನ್ನ ಏನೂ ಕೇಳೋಕೆ ಬಂದಿಲ್ಲ" ಅಂದ ಡಾಂಬರಣ್ಣ. "ನಂದು ಹೇಳ್ತೀನಿ, ಕೇಳಿ."

ಹೇಳಿದ. ವಾಲ್ವು, ಕಾಲುವೆ, ಹೊಟ್ಟು, ಮಗಳ ಮನೆ, ರೇಡಿಯೋ, ಮೊಮ್ಮಗಳ ಕೈ ತೊಳೆದದ್ದು. ಹೇಳುವಾಗ ಎದ್ದು ಕಿಟಕಿಯ ತನಕ ಹೋಗುತ್ತಿದ್ದ, ಬಂದು ಕೂರುತ್ತಿದ್ದ. ಮುಗಿಯುವ ಹೊತ್ತಿಗೆ ಒಳಗೆ ಯಾರೋ ಪಾತ್ರೆ ತೊಳೆಯುವ ಸದ್ದು ನಿಂತಿತ್ತು.

ಮುದುಕ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ನಮ್ಮಲ್ಲಿ ಒಂದಲ್ಲ, ಮೂರಿವೆ" ಅಂದ. ಆಮೇಲೆ ಮೇಜಿನ ಕೆಳಗೆ ಕಾಲಿನಿಂದ ತಡಕಾಡಿ, "ನನ್ನ ಚಪ್ಪಲಿ ಆ ಕಡೆ ಇದೆಯಾ ನೋಡಿ. ತೋರಿಸ್ತೀನಿ, ಬನ್ನಿ" ಎಂದು ಎದ್ದ.